ಪೆಟ್ಟಿಗೆಯ ಒಡೆಯರು, ಆಟದ ಒಕ್ಕಲು

ಕಲ್ಕತ್ತೆಯ ಇಬ್ಬರು ಸೋದರರು ಜಗತ್ತಿಗೆ ಮರಳಿ ರುಚಿ ಹತ್ತಿಸಿದ ಪದದಾಟವನ್ನು ಅದರ ಒಡೆಯರು ನ್ಯಾಯಾಲಯಕ್ಕೆ ಎಳೆದರು. ಹೆಸರು ಕಂಪನಿಯ ಪಾಲಿಗೆ ಉಳಿಯಿತು. ಆಡುವವರ ಮನಸ್ಸು ಉಳಿಯಿತೆ?

ಮಾರ್ಗಶಿರದ ಇಬ್ಬನಿ ಇನ್ನೂ ಆರದಿರುವ ಮುಂಜಾವಿನಲ್ಲಿ ನಾಗಪುರದ ಪೂರ್ವದಂಚಿನ ಕಳಮನಾ ಮಾರುಕಟ್ಟೆಯನ್ನು ಹೊಕ್ಕವರಿಗೆ ಮೊದಲು ಎದುರಾಗುವುದು ಕಿತ್ತಳೆಯ ಸಿಪ್ಪೆಯ ತೀಕ್ಷ್ಣವಾದ ಪರಿಮಳ. ಅದರ ಹಿಂದೆಯೇ ನೆಲದ ಮೇಲೆ ಸುರಿದ ಹಣ್ಣಿನ ರಾಶಿಗಳು, ರಾಶಿಯಿಂದ ರಾಶಿಗೆ ಸರಿಯುತ್ತ ಸವಾಲು ಕೂಗುವ ದಲಾಲರ ಕಂಠ, ತಲೆಗೆ ಟವೆಲು ಸುತ್ತಿಕೊಂಡು ಅವಸರದಿಂದ ಓಡಾಡುವ ಹಮಾಲರು. ಅಂಬಿಯಾ ಬಹಾರವೆಂದು ಆ ಸೀಮೆಯ ತೋಟಗಾರರು ಕರೆಯುವ ಫಸಲು ಬಂದಿಳಿಯುವ ಕಾಲವದು.

ಸವಾಲು ಮುಗಿದು ಹಣ್ಣನ್ನು ವಿಂಗಡಿಸಿ ಪೆಟ್ಟಿಗೆಗೆ ತುಂಬುವವರೆಗೆ ಲಾರಿಯವರಿಗೆ ಕೆಲಸವಿಲ್ಲ. ಆ ಹೊತ್ತಿನಲ್ಲಿ ಒಂದು ಲಾರಿಯ ನೆರಳಲ್ಲಿ, ಬಣ್ಣ ಮಾಸಿದ ಲೂಡೋ ಹಲಗೆಯೊಂದರ ಸುತ್ತ ನಾಲ್ವರು ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. ಒಬ್ಬನ ಮಾತು ಮರಾಠಿ, ಮತ್ತೊಬ್ಬನದು ಹಿಂದಿ, ಉಳಿದಿಬ್ಬರದು ವಿಜಯಪುರದ ಕಡೆಯ ಕನ್ನಡ.

"ಆರು ಬಿತ್ತು ನೋಡಣ್ಣಾ, ಇನ್ನ ನಿನ್ನ ಕಾಯಿ ಮನಿ ಸೇರಾಂಗಿಲ್ಲ," ಎಂದು ಕಿರಿಯವನು ದಾಳವನ್ನು ತೋರಿಸಿದನು. "ತಡೀ ತಮ್ಮಾ, ಆಟ ಇನ್ನೂ ಐತಿ," ಎಂದು ಹಿರಿಯವನು ಉತ್ತರವಿತ್ತನು. ಕಾಯಿಗಳಲ್ಲಿ ಎರಡು ಕಳೆದುಹೋಗಿದ್ದರಿಂದ ಅವುಗಳ ಸ್ಥಾನದಲ್ಲಿ ಹುಣಸೆಯ ಬೀಜಗಳು ಮೆರೆಯುತ್ತಿದ್ದವು. ಆಟಕ್ಕೆ ಅದರಿಂದ ಯಾವ ಕುಂದೂ ಇರಲಿಲ್ಲ.

ಈ ಆಟದ ಒಡೆಯನು ಯಾರು, ಹುಣಸೆಬೀಜವನ್ನು ಕಾಯಿಯಾಗಿ ಬಳಸುವುದಕ್ಕೆ ಯಾರ ಅನುಮತಿ ಬೇಕು ಎಂಬ ಪ್ರಶ್ನೆಯು ಆ ನಾಲ್ವರಲ್ಲಿ ಯಾರ ಮನಸ್ಸಿನಲ್ಲಿಯೂ ಹುಟ್ಟುವಂತಿರಲಿಲ್ಲ. ಆದರೆ ಇಂದು ಪೇಟೆಯ ಅಂಗಡಿಗಳಲ್ಲಿ ಹೊಳೆಯುವ ಪೆಟ್ಟಿಗೆಗಳಲ್ಲಿ ಮಾರಾಟವಾಗುವ ಅನೇಕ ಮನೆಯಾಟಗಳ ವಿಷಯದಲ್ಲಿ ಇದೇ ಪ್ರಶ್ನೆಯು ನ್ಯಾಯಾಲಯಗಳ ಮೆಟ್ಟಿಲೇರಿದೆ. ಅದರ ಉತ್ತರದಿಂದ ಲಕ್ಷಾಂತರ ಆಟಗಾರರ ಪ್ರೀತಿಯು ಕದಡಿದೆ.

ಒಡೆಯರಿಲ್ಲದ ಆಟಗಳು

ಲೂಡೋ ಎಂಬುದು ನಮ್ಮ ಪಗಡೆಯ ಮೊಮ್ಮಗು. ಇಂಗ್ಲೆಂಡಿನಲ್ಲಿ 1896ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಅದಕ್ಕೂ ಮೊದಲೇ, 1874ರಲ್ಲಿ, ಅಮೆರಿಕದಲ್ಲಿ ಅದೇ ಪಗಡೆಯ ಇನ್ನೊಂದು ರೂಪವು ಪಾರ್ಚೀಸಿ ಎಂಬ ಹೆಸರಿನಿಂದ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಗಿತ್ತು. ಅದನ್ನು ಮಾರುತ್ತಿದ್ದ ಸಂಸ್ಥೆಯು ಮುಂದೆ ಸೆಲ್ಕೋ ಅಂಡ್ ರೈಟರ್ ಎಂದು ಪ್ರಸಿದ್ಧವಾಯಿತು. ಆ ಸಂಸ್ಥೆಯ ಹೆಸರನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಥೆಯಲ್ಲಿ ಅದು ಮತ್ತೆ ಬರುವುದಿದೆ.

ನಾಗಪುರದ ಮಾತು ಬಂದಮೇಲೆ ಚದುರಂಗವನ್ನು ಬಿಡುವಂತಿಲ್ಲ. ಇದೇ ಊರಿನ ದಿವ್ಯಾ ದೇಶಮುಖ್ 2025ರ ಜುಲೈಯಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ಕೊನೇರು ಹಂಪಿಯವರನ್ನು ಟೈಬ್ರೇಕಿನಲ್ಲಿ ಸೋಲಿಸಿ, ಹತ್ತೊಂಬತ್ತರ ಹರೆಯದಲ್ಲಿ ಮಹಿಳೆಯರ ವಿಶ್ವಕಪ್ಪನ್ನು ಗೆದ್ದು ಗ್ರ್ಯಾಂಡ್‌ಮಾಸ್ಟರ್ ಪದವಿಗೇರಿದರು. ಆಕೆ ಮಗುವಾಗಿದ್ದಾಗ ಕಲಿತ ಆನೆ, ಕುದುರೆ, ಒಂಟೆಗಳ ನಡೆಗಳಿಗೆ ಯಾವ ಕಂಪನಿಯೂ ಬೆಲೆಪಟ್ಟಿ ಅಂಟಿಸಿರಲಿಲ್ಲ.

ಹಾಗೆ ಅಂಟಿಸುವ ಪ್ರಯತ್ನವೇ ನಡೆದಿಲ್ಲವೆಂದಲ್ಲ. 2016ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಲ್‌ಸನ್ ಮತ್ತು ಕರ್ಯಾಕಿನ್ ಅವರ ವಿಶ್ವ ಚಾಂಪಿಯನ್‌ಷಿಪ್ ಪಂದ್ಯವನ್ನು ಏರ್ಪಡಿಸಿದ ಏಗಾನ್ ಎಂಬ ಸಂಸ್ಥೆಯು, ಪಂದ್ಯ ನಡೆಯುತ್ತಿರುವಾಗ ಅದರ ನಡೆಗಳನ್ನು ಅನ್ಯರು ಪ್ರಕಟಿಸಬಾರದೆಂದು ದಾವೆ ಹೂಡಿತು. ನ್ಯಾಯಾಧೀಶರು ತಡೆಯಾಜ್ಞೆಯನ್ನು ನಿರಾಕರಿಸಿದರು. ಚದುರಂಗವನ್ನು ಪ್ರೀತಿಸುವವರು ಅಂದು ನಿಟ್ಟುಸಿರು ಬಿಟ್ಟಿದ್ದರೆ ಆಶ್ಚರ್ಯವಿಲ್ಲ.

---
ಅರಮನೆಯಿಂದ ಹೊರಬಂದ ಆಟಗಳು
ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲಗೆಯಾಟಗಳ ಮಹಾಪೋಷಕರು. ಚದುರಂಗದ ಕುದುರೆಯು ಒಮ್ಮೆ ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದೆ ಅರವತ್ತನಾಲ್ಕು ಮನೆಗಳನ್ನೂ ಸುತ್ತಿಬರುವ ಸಮಸ್ಯೆಯನ್ನು ಬಿಡಿಸಿದವರು. ಅವರ ಹೆಸರಿನ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗಾಗಿಯೇ ಮೀಸಲಾದ ಭಾಗಕ್ಕೆ 'ಕೌತುಕನಿಧಿ' ಎಂದು ಹೆಸರು. ಚೌಕಾಬಾರ, ಅಳಗುಳಿಮಣೆ, ಪಗಡೆ, ಆಡುಹುಲಿ ಮುಂತಾದ ಆಟಗಳ ಮಣೆಗಳನ್ನೂ ಹಾಸುಗಳನ್ನೂ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವು 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಮತ್ತೆ ಜನರ ಕೈಗೆ ತಲುಪಿಸುತ್ತ ಬಂದಿದೆ.

---

ನಿರುದ್ಯೋಗಿಯ ಅಕ್ಷರಗಳು

ಒಡೆಯರಿರುವ ಆಟಗಳಲ್ಲಿ ಭಾರತೀಯರಿಗೆ ಅತ್ಯಂತ ಹತ್ತಿರವಾದ ಪ್ರಕರಣವೆಂದರೆ ಸ್ಕ್ರಾಬಲ್‌ನದು. ಅದರ ಜನ್ಮದಾತನಾದ ಆಲ್‌ಫ್ರೆಡ್ ಮಾಷರ್ ಬಟ್ಸ್ ವೃತ್ತಿಯಿಂದ ವಾಸ್ತುಶಿಲ್ಪಿ. 1930ರ ದಶಕದ ಆರಂಭದ ಮಹಾ ಆರ್ಥಿಕ ಕುಸಿತದಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಡಗಳೂ ಏಳಲಿಲ್ಲ, ಅವನಿಗೆ ಕೆಲಸವೂ ಉಳಿಯಲಿಲ್ಲ.

ಕೈ ಬರಿದಾಗಿದ್ದ ಆ ಮನುಷ್ಯನು ವೃತ್ತಪತ್ರಿಕೆಯ ಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರವು ಎಷ್ಟು ಬಾರಿ ಬರುತ್ತದೆಂಬುದನ್ನು ತಾಳ್ಮೆಯಿಂದ ಎಣಿಸಿ, ಆ ಎಣಿಕೆಯ ಆಧಾರದಿಂದಲೇ ಬಿಲ್ಲೆಗಳ ಸಂಖ್ಯೆಯನ್ನೂ ಅಂಕಗಳನ್ನೂ ನಿಗದಿಪಡಿಸಿದನು. ಇಂಗ್ಲಿಷಿನ 'ಇ' ಅಕ್ಷರಕ್ಕೆ 12 ಬಿಲ್ಲೆಗಳು. ಬಹುವಚನದ ಸುಲಭ ಮಾರ್ಗವಾದ 'ಎಸ್' ಅಕ್ಷರಕ್ಕೆ 4 ಮಾತ್ರ. ಒಟ್ಟು 100 ಬಿಲ್ಲೆಗಳು, ಅಡ್ಡಕ್ಕೂ ಉದ್ದಕ್ಕೂ ಹದಿನೈದು ಮನೆಗಳ ಹಲಗೆ. ಭಾಗ್ಯ ಮತ್ತು ಬುದ್ಧಿಗಳ ಪಾಲನ್ನು ಅಷ್ಟು ಸೂಕ್ಷ್ಮವಾಗಿ ತೂಗಿದ ಈ ರಚನೆಯನ್ನು ನಾನು ಆ ಶತಮಾನದ ಉತ್ತಮ ವಾಸ್ತುಕೃತಿಗಳ ಸಾಲಿನಲ್ಲಿಯೇ ಇಡಲು ಇಚ್ಛಿಸುತ್ತೇನೆ.

ಪ್ರಕಾಶಕರು ಅದನ್ನು ಬೇಡವೆಂದರು. 1948ರಲ್ಲಿ ಜೇಮ್ಸ್ ಬ್ರೂನೋ ಎಂಬ ಮಿತ್ರನು ಹಕ್ಕನ್ನು ಪಡೆದು ಸ್ಕ್ರಾಬಲ್ ಎಂಬ ಹೆಸರಿಟ್ಟು ತಾನೇ ತಯಾರಿಕೆಗೆ ನಿಂತನು. ಮರುವರ್ಷ ತಯಾರಾದ 2,400 ಪೆಟ್ಟಿಗೆಗಳಿಂದ ಅವನಿಗೆ 450 ಡಾಲರ್ ನಷ್ಟವೇ ಆಯಿತು. 1950ರ ದಶಕದ ಆರಂಭದಲ್ಲಿ ಬೇಡಿಕೆಯು ಹಠಾತ್ತನೆ ಉಕ್ಕಿದಾಗ ತಯಾರಿಕೆಯ ಹೊಣೆಯನ್ನು ಹೊತ್ತ ಸಂಸ್ಥೆ ಯಾವುದೆಂದರೆ, ನಮ್ಮ ಪಗಡೆಯನ್ನು ಪಾರ್ಚೀಸಿಯಾಗಿಸಿ ಮಾರುತ್ತಿದ್ದ ಅದೇ ಸೆಲ್ಕೋ ಅಂಡ್ ರೈಟರ್. ಭಾರತದ ನೆಲದಲ್ಲಿ ಒಡೆಯರಿಲ್ಲದೆ ಬೆಳೆದ ಆಟದ ಗಳಿಕೆಯಿಂದ ಬಾಳಿದ ಮನೆಯೇ, ಮುಂದೆ ಭಾರತದ ಇಬ್ಬರು ಹುಡುಗರನ್ನು ಕಟಕಟೆಗೆ ತರಲಿದ್ದ ಸೊತ್ತನ್ನು ಸಾಕಿ ಬೆಳೆಸಿತು.

ತರುವಾಯದ ಕೈಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳುವೆನು. ಅಮೆರಿಕ ಮತ್ತು ಕೆನಡಾಗಳ ಹಕ್ಕು ಕೊಲೆಕೋ ಸಂಸ್ಥೆಯ ದಿವಾಳಿಯ ಬಳಿಕ 1989ರಲ್ಲಿ ಹ್ಯಾಸ್‌ಬ್ರೋ ಪಾಲಾಯಿತು. ಉಳಿದ ಜಗತ್ತಿನ ಹಕ್ಕು ಇಂಗ್ಲೆಂಡಿನ ಸ್ಪಿಯರ್ ಸಂಸ್ಥೆಯ ಮೂಲಕ 1994ರಲ್ಲಿ ಮ್ಯಾಟೆಲ್ ಪಾಲಾಯಿತು. ಒಂದೇ ಆಟ, ಒಂದೇ ಹಲಗೆ, ಇಬ್ಬರು ಪ್ರತಿಸ್ಪರ್ಧಿ ಒಡೆಯರು. ನಡುವೆ ಒಂದು ಮಹಾಸಾಗರ.

ಕಲ್ಕತ್ತೆಯ ಸೋದರರು

ರಜತ್ ಮತ್ತು ಜಯಂತ್ ಅಗರ್ವಾಲಾ ಕಲ್ಕತ್ತೆಯವರು, ಸ್ಕ್ರಾಬಲ್‌ನ ಉತ್ಕಟ ಅಭಿಮಾನಿಗಳು. ಅಂತರಜಾಲದಲ್ಲಿ ಎಲ್ಲರೂ ಆಡಬಹುದಾದ ರೂಪವೊಂದನ್ನು ಅವರು ಸಿದ್ಧಪಡಿಸಿ, ಸ್ಕ್ರಾಬ್ಯುಲಸ್ ಎಂಬ ಹೆಸರಿನಿಂದ 2007ರಲ್ಲಿ ಫೇಸ್‌ಬುಕ್ಕಿಗೆ ತಂದರು. ಕೆಲವೇ ತಿಂಗಳುಗಳಲ್ಲಿ ದಿನವೊಂದಕ್ಕೆ 5 ಲಕ್ಷಕ್ಕೂ ಮಿಕ್ಕ ಜನರು ಅದನ್ನು ಆಡುತ್ತಿದ್ದರೆಂದು ಅಂದಿನ ಪತ್ರಿಕೆಗಳು ವರದಿಮಾಡಿದವು.

ಈ ಜನಪ್ರಿಯತೆಯ ಮರ್ಮವು ಆಟದ ವೇಗದಲ್ಲಿತ್ತು, ಅಥವಾ ವೇಗವಿಲ್ಲದಿರುವುದರಲ್ಲಿತ್ತು ಎನ್ನಬೇಕು. ಜಯನಗರದ ಮನೆಯಲ್ಲಿ ಬೆಳಗಿನ ಕಾಫಿಯಾದ ಮೇಲೆ ತಾಯಿಯು ಒಂದು ಪದವನ್ನಿಟ್ಟು ಎದ್ದುಹೋಗಬಹುದು; ನ್ಯೂಜರ್ಸಿಯ ಮಗಳು ಕಚೇರಿಯಿಂದ ಹಿಂತಿರುಗಿ, ಮಕ್ಕಳನ್ನು ಮಲಗಿಸಿ, ತನ್ನ ಸರದಿಯನ್ನು ಆಡಬಹುದು. ದೂರವಾಣಿಯಲ್ಲಿ ಆಡಲು ಮಾತೇನೂ ಇಲ್ಲದ ದಿನಗಳಲ್ಲಿ ಕೂಡ ಇಬ್ಬರ ನಡುವೆ ಏನೋ ಒಂದು ನಡೆಯುತ್ತಲೇ ಇರುತ್ತಿತ್ತು. ವಿದೇಶಕ್ಕೆ ಮಕ್ಕಳನ್ನು ಕಳುಹಿಸಿದ ಮನೆಗಳಿಗೆ ಇದರ ಬೆಲೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

2007ರ ನವೆಂಬರಿನಲ್ಲಿ ವಿಶ್ವ ಸ್ಕ್ರಾಬಲ್ ಚಾಂಪಿಯನ್‌ಷಿಪ್ ಮುಂಬಯಿಯಲ್ಲೇ ನಡೆದು ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಗೆದ್ದರು. ಭಾರತದಲ್ಲಿ ಆಟಕ್ಕೆ ಹೊಸ ಕಳೆ ಬಂದಿದ್ದ ಕಾಲವದು. ಎರಡು ತಿಂಗಳು ಕಳೆಯುವಷ್ಟರಲ್ಲಿ, 2008ರ ಜನವರಿಯಲ್ಲಿ, ಸ್ಕ್ರಾಬ್ಯುಲಸ್ಸನ್ನು ತೆಗೆದುಹಾಕಬೇಕೆಂಬ ಉಭಯ ಕಂಪನಿಗಳ ಬೇಡಿಕೆಯು ಫೇಸ್‌ಬುಕ್ಕನ್ನು ತಲುಪಿತ್ತು.

ಹತ್ತಾರು ಸಾವಿರ ಆಟಗಾರರು ಒಗ್ಗೂಡಿ ಅದನ್ನು ಉಳಿಸಿರೆಂದು ಮೊರೆಯಿಟ್ಟರು. ಅವರ ವಾದವು ಸರಳವಾಗಿತ್ತು: ಅಟ್ಟದ ಮೇಲೆ ಧೂಳು ಹಿಡಿದಿದ್ದ ಪೆಟ್ಟಿಗೆಯನ್ನು ಮರಳಿ ಇಳಿಸುವಂತೆ ಮಾಡಿದವರು ಈ ಸೋದರರು, ಇವರನ್ನು ಕರೆದು ಕೂಡಿಸಿ ಒಪ್ಪಂದಕ್ಕೆ ಬರುವುದನ್ನು ಬಿಟ್ಟು ಓಡಿಸುವುದೇಕೆ?

ಒಪ್ಪಂದವು ಕೂಡಿಬರಲಿಲ್ಲ. ಜುಲೈ 24ರಂದು ಹ್ಯಾಸ್‌ಬ್ರೋ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಜುಲೈ 29ರಂದು ಅಮೆರಿಕ ಮತ್ತು ಕೆನಡಾಗಳ ಆಟಗಾರರಿಗೆ ಸ್ಕ್ರಾಬ್ಯುಲಸ್‌ನ ಬಾಗಿಲು ಮುಚ್ಚಿತು. ಅರ್ಧಕ್ಕೆ ನಿಂತ ಆಟಗಳೆಷ್ಟೋ.

ಅಧಿಕೃತವಾದ ಆಟವನ್ನು ಕಂಪನಿಗಳು ಒದಗಿಸಿದವು, ನಿಜ. ಆದರೆ ಎರಡು ಬೇರೆಬೇರೆಯಾಗಿ. ಅಮೆರಿಕ ಮತ್ತು ಕೆನಡಾಕ್ಕೆ ಹ್ಯಾಸ್‌ಬ್ರೋ ಪರವಾಗಿ ಎಲೆಕ್ಟ್ರಾನಿಕ್ ಆರ್ಟ್ಸ್ ರಚಿಸಿದ್ದು ಒಂದು. ಉಳಿದ ಜಗತ್ತಿಗೆ ಮ್ಯಾಟೆಲ್ ಪರವಾಗಿ ರಿಯಲ್‌ನೆಟ್‌ವರ್ಕ್ಸ್ ರಚಿಸಿದ್ದು ಮತ್ತೊಂದು. ಜಯನಗರದ ತಾಯಿಗೂ ನ್ಯೂಜರ್ಸಿಯ ಮಗಳಿಗೂ ನಡುವೆ ಈಗ ಒಂದು ಸುಂಕದ ಕಟ್ಟೆ ಎದ್ದಿತು. ಹಕ್ಕುಪತ್ರಗಳ ಮೇಲೆ ಸರಿಯಾಗಿಯೇ ಕಾಣುತ್ತಿದ್ದ ಗಡಿಯೊಂದು ಆಟಗಾರರ ಬದುಕಿನಲ್ಲಿ ಎಲ್ಲಿ ಹಾಯ್ದುಹೋಗುವುದೆಂದು ಕಂಪನಿಯ ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರಾದರೂ ಕೇಳಿದ್ದರೆ, ಕೋಪದ ಅರ್ಧಭಾಗವು ಅಂದೇ ತಣಿಯುತ್ತಿತ್ತೆಂದು ನನ್ನ ದೃಢವಾದ ನಂಬಿಕೆ.

ದಿಲ್ಲಿಯ ತೀರ್ಮಾನ

ಇತ್ತ ಮ್ಯಾಟೆಲ್ ದಿಲ್ಲಿ ಉಚ್ಚ ನ್ಯಾಯಾಲಯಕ್ಕೆ ಹೋಗಿತ್ತು. ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ಟರು 2008ರ ಸೆಪ್ಟೆಂಬರಿನಲ್ಲಿ ಇತ್ತ ಮಧ್ಯಂತರ ಆಜ್ಞೆಯು, ಆಟಗಳ ಒಡೆತನದ ಬಗ್ಗೆ ಭಾರತದಲ್ಲಿ ಬಂದ ಅತ್ಯಂತ ಸ್ಪಷ್ಟವಾದ ಚಿಂತನೆಗಳಲ್ಲೊಂದು.

ಕಂಪನಿಯು ಎರಡು ಆಯುಧಗಳನ್ನು ಹಿಡಿದಿತ್ತು. ಹಲಗೆಯ ರಚನೆಯ ಮೇಲಿನ ಕೃತಿಸ್ವಾಮ್ಯ ಒಂದು, ಹೆಸರಿನ ಮೇಲಿನ ಟ್ರೇಡ್‌ಮಾರ್ಕ್ ಇನ್ನೊಂದು. ಮೊದಲನೆಯದನ್ನು ನ್ಯಾಯಾಲಯವು ಒಪ್ಪಲಿಲ್ಲ. ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ, ಯಂತ್ರದಿಂದ ಐವತ್ತಕ್ಕಿಂತ ಹೆಚ್ಚು ಪ್ರತಿಗಳನ್ನು ತಯಾರಿಸಿದ ವಸ್ತುವಿಗೆ 1957ರ ಕೃತಿಸ್ವಾಮ್ಯ ಕಾಯಿದೆಯ 15ನೆಯ ಪ್ರಕರಣದ ಮೇರೆಗೆ ಕೃತಿಸ್ವಾಮ್ಯವು ಉಳಿಯಲಾರದು. ಅಲ್ಲದೆ ಆಟದ ಕಲ್ಪನೆಯೂ ಅದನ್ನು ವ್ಯಕ್ತಪಡಿಸುವ ಹಲಗೆಯೂ ಬೇರ್ಪಡಿಸಲಾಗದಂತೆ ಬೆರೆತಿರುವಲ್ಲಿ, ಹಲಗೆಗೆ ರಕ್ಷಣೆ ಕೊಡುವುದೆಂದರೆ ಕಲ್ಪನೆಗೇ ಬೇಲಿ ಹಾಕಿದಂತಾಗುವುದು. ಇದು ಆ ತೀರ್ಮಾನದ ಸಾರ.

ಹೆಸರಿನ ವಿಷಯದಲ್ಲಿ ಕಂಪನಿಯು ಗೆದ್ದಿತು. ಸ್ಕ್ರಾಬ್ಯುಲಸ್ ಎಂಬ ಹೆಸರು ಸ್ಕ್ರಾಬಲ್‌ಗೆ ತೀರ ಸಮೀಪವೆಂದು ನ್ಯಾಯಾಲಯವು ಅದರ ಬಳಕೆಯನ್ನು ನಿರ್ಬಂಧಿಸಿತು. ಸೋದರರು ಹೆಸರನ್ನು ಲೆಕ್ಸುಲಸ್ ಎಂದು ಬದಲಿಸಿಕೊಂಡರು. ಅಮೆರಿಕದ ಆಟಗಾರರಿಗಾಗಿ ಅವರು ಅದಾಗಲೇ ದುಂಡನೆಯ ಬಿಲ್ಲೆಗಳ ವರ್ಡ್‌ಸ್ಕ್ರೇಪರ್ ಎಂಬ ಇನ್ನೊಂದು ಆಟವನ್ನು ತಂದಿದ್ದರು. ಡಿಸೆಂಬರಿನಲ್ಲಿ ಹ್ಯಾಸ್‌ಬ್ರೋ ರಾಜಿ ಮಾಡಿಕೊಂಡು ದಾವೆಯನ್ನು ಹಿಂದೆಗೆದುಕೊಂಡಿತು.

ನ್ಯಾಯದ ತಕ್ಕಡಿಯಲ್ಲಿ ಇದನ್ನು ನಾನು ಸರಿಯಾದ ತೂಕವೆಂದೇ ಭಾವಿಸುತ್ತೇನೆ. ಸೋದರರು ಆ ಹೆಸರನ್ನು ಆರಿಸಿಕೊಂಡುದು ಸರಿಯಲ್ಲ. ಅನ್ಯರು ಕಟ್ಟಿದ ಖ್ಯಾತಿಯ ನೆರಳಲ್ಲಿ ಅದು ನಿಂತಿತ್ತು. ಆದರೆ ಹೆಸರನ್ನು ಕಾಪಾಡಿಕೊಳ್ಳುವ ಹಕ್ಕು ಇರುವವನು ಆಟವನ್ನೇ ಬಾಚಿಕೊಳ್ಳಲು ಕೈ ಚಾಚಿದನೆಂಬುದನ್ನು ಆಟಗಾರರು ಕಂಡರು. ಕೃತಿಸ್ವಾಮ್ಯದ ಪ್ರಕರಣಗಳನ್ನು ಓದದೆಯೇ ಅವರ ಅಂತಃಕರಣವು ನ್ಯಾಯಾಲಯಕ್ಕಿಂತ ಮೊದಲೇ ಈ ಭೇದವನ್ನು ಗುರುತಿಸಿತ್ತು.

---
ಮಣ್ಣಿನಡಿ ಹೂತ ಪೆಟ್ಟಿಗೆಗಳು
ಜಮೀನ್ದಾರಿಯ ಅನ್ಯಾಯವನ್ನು ಜನರಿಗೆ ತೋರಿಸಿಕೊಡಲೆಂದು ಅಮೆರಿಕದ ಎಲಿಜಬೆತ್ ಮ್ಯಾಗಿ ರಚಿಸಿದ 'ಜಮೀನ್ದಾರನ ಆಟ'ಕ್ಕೆ 1904ರಲ್ಲಿ ಪೇಟೆಂಟ್ ದೊರೆಯಿತು. ಅದರಿಂದ ಬೆಳೆದು ಬಂದ ಮೊನಾಪಲಿಯನ್ನು 1935ರಲ್ಲಿ ಪಾರ್ಕರ್ ಬ್ರದರ್ಸ್ ಸಂಸ್ಥೆಯು ಚಾರ್ಲ್ಸ್ ಡ್ಯಾರೋ ಎಂಬವನ ಸೃಷ್ಟಿಯೆಂದು ಮಾರಿತು. ಮ್ಯಾಗಿಗೆ ದೊರೆತದ್ದು 500 ಡಾಲರ್. 1970ರ ದಶಕದಲ್ಲಿ ರಾಲ್ಫ್ ಆನ್‌ಸ್ಪಾಕ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕರು 'ಆಂಟಿ ಮೊನಾಪಲಿ' ಎಂಬ ಆಟವನ್ನು ತಂದಾಗ ಮೊಕದ್ದಮೆ ನಡೆದು, 1977ರಲ್ಲಿ ಅವರ ಸುಮಾರು 40,000 ಪೆಟ್ಟಿಗೆಗಳನ್ನು ಮಿನೆಸೋಟಾದ ಮ್ಯಾಂಕೇಟೋದಲ್ಲಿ ಕಸದ ಗುಂಡಿಯಲ್ಲಿ ಹೂಳಲಾಯಿತು. ಆನ್‌ಸ್ಪಾಕ್ ಸೋಲೊಪ್ಪಲಿಲ್ಲ, ಮೇಲ್ಮನವಿಯಲ್ಲಿ ಗೆದ್ದರು. ಮ್ಯಾಗಿಯ ಹೆಸರು ಮರಳಿ ಬೆಳಕಿಗೆ ಬಂದುದು ಆ ವ್ಯಾಜ್ಯಕ್ಕಾಗಿ ಅವರು ನಡೆಸಿದ ಶೋಧದಿಂದ.

---

ಇಪ್ಪತ್ತೆರಡು ದಿನಗಳ ಬಂಡಾಯ

ಈ ಎಲ್ಲ ವ್ಯಾಜ್ಯಗಳಲ್ಲಿ ಆಟಗಾರರು ಪ್ರೇಕ್ಷಕರಾಗಿದ್ದರು. ಅವರೇ ಕಕ್ಷಿದಾರರಂತೆ ಎದ್ದುನಿಂತ ಪ್ರಸಂಗವು 2023ರ ಜನವರಿಯದು. ಆಟ 'ಡಂಜನ್ಸ್ ಅಂಡ್ ಡ್ರಾಗನ್ಸ್'.

ಮೇಜಿನ ಸುತ್ತ ಕುಳಿತು, ಒಬ್ಬನು ಸೂತ್ರಧಾರನಾಗಿ, ಉಳಿದವರು ಪಾತ್ರಗಳಾಗಿ, ದಾಳಗಳ ಸಹಾಯದಿಂದ ಕಥೆಯೊಂದನ್ನು ಬಾಯಲ್ಲೇ ಕಟ್ಟುತ್ತ ಹೋಗುವ ಆಟವದು. ಪ್ರಸಂಗದ ಪದ್ಯಗಳಷ್ಟೇ ಗೊತ್ತುಮಾಡಿಕೊಂಡು ಅರ್ಥಗಾರಿಕೆಯನ್ನು ಆ ರಾತ್ರಿಯ ಕಲಾವಿದರಿಗೇ ಬಿಡುವ ತಾಳಮದ್ದಳೆಯನ್ನು ಬಲ್ಲ ಕನ್ನಡಿಗರಿಗೆ ಇದರ ಸ್ವಾರಸ್ಯವು ಬೇಗ ಹಿಡಿಯುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ಪ್ರಕಟಿಸಿದರು. 1997ರಲ್ಲಿ ಅದು ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಗೆ, 1999ರಲ್ಲಿ ಆ ಸಂಸ್ಥೆಯೊಡನೆ ಹ್ಯಾಸ್‌ಬ್ರೋಗೆ ಸೇರಿತು.

2000ದಲ್ಲಿ ಆ ಪ್ರಕಾಶಕರು ಒಂದು ಉದಾರವಾದ ಕೆಲಸವನ್ನು ಮಾಡಿದ್ದರು. ಆಟದ ಮೂಲ ನಿಯಮಗಳನ್ನು ಬಳಸಿಕೊಂಡು ಯಾರು ಬೇಕಾದರೂ ತಮ್ಮ ಕಥೆಗಳನ್ನೂ ಪುಸ್ತಕಗಳನ್ನೂ ಪ್ರಕಟಿಸಬಹುದೆಂಬ ಮುಕ್ತ ಪರವಾನಗಿಯನ್ನು ಹೊರಡಿಸಿದರು. ಆ ಮಾತನ್ನು ನಂಬಿ ಸಣ್ಣಪುಟ್ಟ ಪ್ರಕಾಶಕರು, ಚಿತ್ರಕಾರರು, ಬರೆಹಗಾರರು ತಮ್ಮ ಜೀವನೋಪಾಯವನ್ನು ಕಟ್ಟಿಕೊಂಡರು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಆ ಮಾತು ನಿಂತಿತು.

2023ರ ಜನವರಿ 5ರಂದು ಹೊಸ ಪರವಾನಗಿಯ ಕರಡೊಂದು ಪತ್ರಿಕೆಯ ಮೂಲಕ ಬಯಲಾಯಿತು. ಹಳೆಯ ಪರವಾನಗಿಗೆ ಇನ್ನು ಮಾನ್ಯತೆಯಿಲ್ಲ; ವರ್ಷಕ್ಕೆ 7,50,000 ಡಾಲರಿಗಿಂತ ಹೆಚ್ಚು ವಹಿವಾಟಿರುವವರು ಮಿಕ್ಕ ಮೊತ್ತದ ಮೇಲೆ ಶೇ. 25ರವರೆಗೆ ರಾಯಧನ ಸಲ್ಲಿಸಬೇಕು. ಅನ್ಯರು ರಚಿಸಿದುದನ್ನು ಕಂಪನಿಯು ತನ್ನದರಂತೆ ಬಳಸಿಕೊಳ್ಳಬಹುದು ಎಂಬಿವು ಅದರ ಮುಖ್ಯಾಂಶಗಳು.

ಎದ್ದ ಆಕ್ರೋಶದ ಸ್ವರೂಪವನ್ನು ನೋಡಿರಿ. ರಾಯಧನದ ಮಿತಿಯು ತಾಗುತ್ತಿದ್ದುದು ಬೆರಳೆಣಿಕೆಯ ದೊಡ್ಡ ಪ್ರಕಾಶಕರಿಗೆ. ಶನಿವಾರ ಸಂಜೆ ಮಿತ್ರರೊಡನೆ ಆಡುವವನ ಜೇಬಿನಿಂದ ಒಂದು ಕಾಸೂ ಹೋಗುತ್ತಿರಲಿಲ್ಲ. ಆದರೂ ಬಹಿರಂಗ ಪತ್ರಕ್ಕೆ ಹತ್ತಾರು ಸಾವಿರ ಸಹಿಗಳು ಬಿದ್ದವು. ಕಂಪನಿಯ ಡಿ ಅಂಡ್ ಡಿ ಬಿಯಾಂಡ್ ಸೇವೆಯ ಚಂದಾವನ್ನು ಜನರು ಸಾಲುಸಾಲಾಗಿ ರದ್ದುಪಡಿಸಿದರು. ಪ್ರತಿಸ್ಪರ್ಧಿಯಾದ ಪೈಜೋ ಸಂಸ್ಥೆಯು, ಎಂಟು ತಿಂಗಳಿಗೆ ಸಾಲುವುದೆಂದಿದ್ದ ತನ್ನ ಪಾತ್‌ಫೈಂಡರ್ ನಿಯಮಪುಸ್ತಕಗಳ ದಾಸ್ತಾನು ಎರಡು ವಾರಗಳಲ್ಲಿ ಖರ್ಚಾಯಿತೆಂದು ತಿಳಿಸಿತು.

ಹಣದ ಪ್ರಶ್ನೆಯಲ್ಲದಿದ್ದರೆ ಏತರ ಪ್ರಶ್ನೆ? ಆ ಆಟದಲ್ಲಿ ಕಂಪನಿಯು ಕೊಡುವುದು ನಿಯಮಗಳನ್ನು. ರಾಜ್ಯಗಳನ್ನೂ ವೀರರನ್ನೂ ಸಾವುಗಳನ್ನೂ ವಿವಾಹಗಳನ್ನೂ ರಾತ್ರಿಗಟ್ಟಲೆ ಕುಳಿತು ಕಟ್ಟುವವರು ಆಡುವವರು. ತಾವು ಕಟ್ಟಿದುದರ ಮೇಲೆ ಬೇರೊಬ್ಬರ ಕೈ ಬೀಳುವ ಸಾಧ್ಯತೆಯನ್ನು ಅವರು ಮೊದಲ ಬಾರಿಗೆ ಕಂಡರು. ಉತ್ತವರಿಗೂ ಬಿತ್ತಿದವರಿಗೂ ತಿಳಿಸದೆ ದೂರದ ಊರಿನಲ್ಲಿ ಗೇಣಿಪತ್ರವನ್ನು ತಿದ್ದಿದಾಗ ಒಕ್ಕಲಿನ ಎದೆಯಲ್ಲಿ ಏಳುತ್ತಿದ್ದ ಸಂಕಟ ಯಾವುದೋ, ಇವರದೂ ಅದೇ ಜಾತಿಯದು.

ಕಂಪನಿಯು ಮೊದಲು ಸಬೂಬು ಹೇಳಿತು. ಆಮೇಲೆ ತಿದ್ದಿದ ಕರಡನ್ನು ಮುಂದಿಟ್ಟು ಅಭಿಪ್ರಾಯ ಕೇಳಿತು. ಉತ್ತರಿಸಿದವರು 15,000ಕ್ಕೂ ಹೆಚ್ಚು, ಅವರಲ್ಲಿ ಶೇ. 88 ಮಂದಿ ಹೊಸ ಪರವಾನಗಿಯಡಿ ತಾವು ಪ್ರಕಟಿಸುವುದಿಲ್ಲವೆಂದರು. ಜನವರಿ 27ರಂದು ಕಂಪನಿಯು ಶರಣಾಯಿತು. ಹಳೆಯ ಪರವಾನಗಿಯನ್ನು ಮುಟ್ಟುವುದಿಲ್ಲವೆಂದೂ, ಮೂಲ ನಿಯಮಗಳ ಸಂಗ್ರಹವನ್ನೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ, ಮುಂದೆ ತಾನೇ ಬಯಸಿದರೂ ಹಿಂತೆಗೆದುಕೊಳ್ಳಲಾಗದಂತೆ, ಲೋಕಕ್ಕೆ ಬಿಡುವುದಾಗಿಯೂ ಘೋಷಿಸಿತು.

ಒಂದು ದೊಡ್ಡ ಉದ್ಯಮವು ಸೋಲೊಪ್ಪಿಕೊಂಡು ಕೊಟ್ಟುದು ಇಷ್ಟು ದೊಡ್ಡದಾಗಿರುವ ಉದಾಹರಣೆಗಳು ವಿರಳ. ಅದಕ್ಕೆ ಸಲ್ಲಬೇಕಾದ ಮೆಚ್ಚಿಕೆಯನ್ನು ಸಲ್ಲಿಸಲೇಬೇಕು. ಆದರೆ ಆ ಮೂರು ವಾರಗಳಲ್ಲಿ ಬೇರೆ ನಿಯಮಪುಸ್ತಕಗಳನ್ನು ಕೊಂಡವರೆಲ್ಲರೂ ಅವನ್ನು ಮಾರಿ ಹಿಂದಿರುಗಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ, ಬಿಡುಗಡೆಗೆ ಮುನ್ನವೇ ಕೈಸೇರಿದ, 'ಮ್ಯಾಜಿಕ್' ಎಂಬ ಎಲೆಯಾಟದ ಎಲೆಗಳನ್ನು ತೋರಿಸಿದ ಆಟಗಾರನೊಬ್ಬನ ಮನೆ ಬಾಗಿಲಿಗೆ ಇದೇ ಸಂಸ್ಥೆಯು ಖಾಸಗಿ ಪತ್ತೇದಾರರನ್ನು ಕಳುಹಿಸಿತೆಂಬ ಸುದ್ದಿ ಬಂದಾಗ, ಆಗತಾನೇ ಮಾಯುತ್ತಿದ್ದ ಗಾಯವು ಮತ್ತೆ ಹಸಿಯಾಯಿತು.

ಪ್ರೀತಿ ಎಲ್ಲಿಗೆ ಹೋಗುತ್ತದೆ?

ಈ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದಿದು. ಕಂಪನಿಯ ನಡವಳಿಕೆಯಿಂದ ನೊಂದವನು ಆಟವನ್ನು ದ್ವೇಷಿಸುವುದಿಲ್ಲ. ಅವನು ಪ್ರೀತಿಯನ್ನು ಎರಡಾಗಿ ಸೀಳಿಕೊಳ್ಳುತ್ತಾನೆ: ಆಟವನ್ನು ತನ್ನ ಕಡೆಗೆ ಇಟ್ಟುಕೊಂಡು, ಪೆಟ್ಟಿಗೆಯ ಮೇಲಿನ ಹೆಸರನ್ನು ಆಚೆಗೆ ನೂಕುತ್ತಾನೆ. ಹಳೆಯ ಹಲಗೆಯನ್ನೇ ಜತನಮಾಡುತ್ತಾನೆ. ಹೊಸ ಆವೃತ್ತಿ ಬಂದಾಗ ಅದರಲ್ಲಿ ಏನಿದೆಯೆಂದು ನೋಡುವ ಮೊದಲು, ಇದರಲ್ಲಿ ನನ್ನಿಂದ ಕಿತ್ತುಕೊಳ್ಳುವುದೇನು ಎಂದು ನೋಡುತ್ತಾನೆ. ಈ ಶಂಕೆಯು ಒಮ್ಮೆ ಮನೆ ಹೊಕ್ಕಿತೆಂದರೆ ಒಳ್ಳೆಯ ಬದಲಾವಣೆಯೂ ಒಳಸಂಚಾಗಿ ತೋರುತ್ತದೆ.

ಸ್ಕ್ರಾಬಲ್ ಆಟಗಾರರು ಅದನ್ನು 2020ರಲ್ಲಿ ಮತ್ತೆ ಅನುಭವಿಸಿದರು. ವರ್ಷಗಳಿಂದ ಆಡುತ್ತ ಬಂದ ಎಲೆಕ್ಟ್ರಾನಿಕ್ ಆರ್ಟ್ಸ್‌ನ ಆಟವನ್ನು ಆ ವರ್ಷದ ಜೂನಿನಲ್ಲಿ ಮುಚ್ಚಿ, ಸ್ಕೋಪ್ಲಿ ಸಂಸ್ಥೆಯ 'ಸ್ಕ್ರಾಬಲ್ ಗೋ' ಎಂಬುದಕ್ಕೆ ಎಲ್ಲರನ್ನೂ ಸಾಗಹಾಕಲಾಯಿತು. ರತ್ನಗಳು, ನಿಧಿಪೆಟ್ಟಿಗೆಗಳು, ಮಿನುಗುವ ಬಹುಮಾನಗಳು. ಶಾಂತವಾಗಿ ಪದಗಳನ್ನು ಹುಡುಕುತ್ತಿದ್ದ ವಯಸ್ಸಾದವರು, ಅದರಲ್ಲಿಯೂ ಸೋಂಕಿನ ಭಯದಿಂದ ಮನೆಯೊಳಗೇ ಉಳಿದಿದ್ದ ಆ ದಿನಗಳಲ್ಲಿ, ಜಾತ್ರೆಯ ಗದ್ದಲದ ನಡುವೆ ನಿಂತಂತೆ ದಿಕ್ಕೆಟ್ಟರು. ದೂರುಗಳ ಮಳೆ ಸುರಿದ ಮೇಲೆ, ಆಭರಣಗಳನ್ನು ಕಳಚಿಟ್ಟ ಸರಳ ರೂಪವೊಂದನ್ನು ಸಂಸ್ಥೆಯು ಸೇರಿಸಿತು. ಕೇಳಿದರೆ ಮೊದಲೇ ತಿಳಿಯಬಹುದಾಗಿದ್ದ ಮಾತು ಅದು.

ಬಟ್ಸ್‌ನಿಗೆ ಪ್ರತಿ ಪೆಟ್ಟಿಗೆಯಿಂದ ದೊರೆಯುತ್ತಿದ್ದುದು ಕೆಲವೇ ಸೆಂಟುಗಳ ರಾಯಧನ. ಅದನ್ನು ಯಾರೂ ಎಂದೂ ಅನ್ಯಾಯವೆಂದು ಗೊಣಗಿದುದಿಲ್ಲ. ರಚಿಸಿದವನಿಗೆ ಪ್ರತಿಫಲ ಸಲ್ಲಬೇಕೆಂಬುದರಲ್ಲಿ ಆಟಗಾರರಿಗೆ ಭಿನ್ನಾಭಿಪ್ರಾಯವಿಲ್ಲ. ತಾವು ಹಾಡುಹಗಲು ಆಡುವುದನ್ನು ಅತಿಕ್ರಮಣವೆಂದು ಕರೆಯುವ ಪತ್ರವೇ ಅವರನ್ನು ನೋಯಿಸುವುದು.

ಕನ್ನಡದ ಹಲಗೆ

ನಮಗೆ ಇದರಿಂದ ಆಗಬೇಕಾದುದೇನು ಎಂದು ಕೇಳುವವರಿಗೆ ನನ್ನಲ್ಲಿ ಒಂದು ನಿರ್ದಿಷ್ಟವಾದ ಉತ್ತರವಿದೆ. ಮನೆಮನೆಯಲ್ಲಿ ಆಡುವಂಥ ಕನ್ನಡದ ಅಕ್ಷರದಾಟವು ಇನ್ನೂ ನಮ್ಮ ನಡುವೆ ನೆಲೆಗೊಂಡಿಲ್ಲ, ಅದು ಆಗಬೇಕು.

ಅದರ ರಚನೆಯು ಬಟ್ಸ್‌ನು ಬಿಡಿಸಿದ ಸಮಸ್ಯೆಗಿಂತ ಕಠಿನವೂ, ಆದುದರಿಂದಲೇ ಹೆಚ್ಚು ರಸವತ್ತಾದುದೂ ಹೌದು. ಇಂಗ್ಲಿಷಿನ 26 ಅಕ್ಷರಗಳಿಗೆ 100 ಬಿಲ್ಲೆ ಸಾಕಾದವು. ನಮ್ಮ ಒಂದೊಂದು ವ್ಯಂಜನವೂ ಕಾಗುಣಿತದಲ್ಲಿ ಹತ್ತಕ್ಕೂ ಮಿಕ್ಕ ರೂಪಗಳನ್ನು ತಾಳುತ್ತದೆ. ಮೇಲೆ ಒತ್ತಕ್ಷರಗಳ ಸೈನ್ಯ. ರೂಪಕ್ಕೊಂದು ಬಿಲ್ಲೆ ಮಾಡಿದರೆ ಚೀಲ ಹೊರಲಾರದು. ವ್ಯಂಜನಕ್ಕೊಂದೇ ಬಿಲ್ಲೆ ಮಾಡಿ ಗುಣಿತವನ್ನು ಆಡುವವರಿಗೇ ಬಿಟ್ಟರೆ, ಅಡ್ಡಸಾಲಿನಲ್ಲಿ 'ಕಿ' ಆದ ಬಿಲ್ಲೆಯು ಕೆಳಸಾಲಿನಲ್ಲಿ 'ಕು' ಆಗಬಹುದೆ? ಪತ್ರಿಕೆಗಳ ಪದಬಂಧದಲ್ಲಿ ಒಂದು ಚೌಕಕ್ಕೆ ಒತ್ತು, ಗುಣಿತ ಸಮೇತ ಒಂದೇ ಅಕ್ಷರವೆಂಬ ನಿಯಮವನ್ನು ನಾವು ಒಪ್ಪಿದ್ದೇವೆ. ಹಲಗೆಯಾಟಕ್ಕೆ ಅಷ್ಟು ಬಿಗಿಯು ಹಿತವಾಗಲಾರದು. 'ಅಜ್ಜಿ'ಗೆ ಬಿಲ್ಲೆಗಳು ಎರಡೋ ಮೂರೋ?

ಇಂಥ ಪ್ರಶ್ನೆಗಳನ್ನು ಒಬ್ಬ ವಿನ್ಯಾಸಕಾರನು ಕೋಣೆಯಲ್ಲಿ ಕುಳಿತು ಬಿಡಿಸಲಾರನು. ಶಾಲೆಗಳಲ್ಲಿ, ವಾಚನಾಲಯಗಳಲ್ಲಿ, ಊರೂರ ಕನ್ನಡ ಸಂಘಗಳಲ್ಲಿ ಸಾವಿರಾರು ಜನರು ಆಡಿ, ಜಗಳವಾಡಿ, ತಿದ್ದಿ ತಿದ್ದಿ ಹದಕ್ಕೆ ತರಬೇಕು. ಬಿಲ್ಲೆಗಳಿಗೆ ಅರಗು ಹಚ್ಚಿ ಮೆರುಗು ಕೊಡಲು ಚನ್ನಪಟ್ಟಣದ ಕೈಗಳಿವೆ.

ಮುಂದೆ ಬರುವ ಪ್ರಕಾಶಕನು ತನ್ನ ಹೆಸರನ್ನೂ, ಹಲಗೆಯ ಚಿತ್ರವನ್ನೂ ಧಾರಾಳವಾಗಿ ತನ್ನದೆಂದು ನೋಂದಾಯಿಸಿಕೊಳ್ಳಲಿ. ಮಾರಿ ಲಾಭ ಗಳಿಸಲಿ. ಆದರೆ ಆಟದ ನಿಯಮಗಳು, ಬಿಲ್ಲೆಗಳ ಹಂಚಿಕೆ, ಅಂಕಗಳ ಪಟ್ಟಿ ಇವಿಷ್ಟನ್ನು ಯಾರಾದರೂ ಬಳಸಬಹುದು, ತಿದ್ದಬಹುದು, ಸ್ಪರ್ಧೆ ಏರ್ಪಡಿಸಬಹುದು, ಮೊಬೈಲಿಗೆ ಅಳವಡಿಸಬಹುದು ಎಂದು ಪೆಟ್ಟಿಗೆಯ ಬೆನ್ನ ಮೇಲೆಯೇ ಅಚ್ಚುಹಾಕಿಸಲಿ. ಆ ಒಂದು ಪುಟದ ಬರೆವಣಿಗೆಯು ಮೊದಲನೆಯ ಬಿಲ್ಲೆಯನ್ನು ಕೊರೆಯುವುದಕ್ಕಿಂತ ಮುಂಚೆ ಆಗತಕ್ಕದ್ದು. ಮೈಸೂರಿನಲ್ಲೋ ಧಾರವಾಡದಲ್ಲೋ ಇದಕ್ಕೆ ಕೈಹಾಕುವವರಿದ್ದರೆ, 2023ರ ಜನವರಿಯಲ್ಲಿ ಆಟಗಾರರು ಗೆದ್ದುಕೊಟ್ಟ ಪರವಾನಗಿಯ ಪಠ್ಯವು ಮಾದರಿಯಾಗಿ ಯಾರಿಗೂ ದೊರೆಯುತ್ತದೆ. ಅದರ ಬಳಕೆಗೆ ಯಾರ ಅಪ್ಪಣೆಯೂ ಬೇಕಿಲ್ಲ.